ತವರಿಗೆ ಬಂದ ಕೊಕ್ಕರೆಗಳು

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವನ್ನು ದಾಟಿ, ಮದ್ದೂರು ಇನ್ನೂ ದೂರವಿರುವಾಗಲೇ ರುದ್ರಾಕ್ಷಿಪುರದ ಬಳಿ ಎಡಕ್ಕೆ ಹೊರಳಿದರೆ ಕಬ್ಬು, ರಾಗಿ, ಹಿಪ್ಪುನೇರಳೆಗಳ ನಡುವೆ ಒಂದು ದಾರಿ ಸಿಗುತ್ತದೆ. ಸುಮಾರು 12 ಕಿಲೋಮೀಟರ್ ಸಾಗಿದ ಮೇಲೆ, ಶಿಂಷಾ ನದಿಯ ಸಮೀಪದಲ್ಲಿ ಕೊಕ್ಕರೆಬೆಳ್ಳೂರು. ಪಕ್ಷಿಧಾಮವೆಂಬ ಹೆಸರನ್ನು ಕೇಳಿ ಬಂದವರು ದೋಣಿಯನ್ನೂ, ದ್ವೀಪಗಳನ್ನೂ ಹುಡುಕಿ ಒಂದು ಕ್ಷಣ ಪೆಚ್ಚಾಗುವುದುಂಟು. ಅಲ್ಲಿರುವುದು ಒಂದು ಊರು, ಅಷ್ಟೆ. ಹೆಂಚಿನ ಮನೆ, ತಿಪ್ಪೆಗುಂಡಿ, ಜಗಲಿಯ ಮೇಲೆ ಒಣಗಲು ಹರಡಿದ ಕಾಳು, ಗೂಟಕ್ಕೆ ಕಟ್ಟಿದ ಹಸು. ಆದರೆ ತಲೆಯೆತ್ತಿದರೆ, ಮನೆಯಂಗಳದ ಹುಣಿಸೆಮರದ ತುಂಬ ಗೂಡು. ಗೂಡಿನ ತುಂಬ ಹಕ್ಕಿ.

ಹೆಜ್ಜಾರ್ಲೆಗಳು ಚಳಿಗಾಲದ ಆರಂಭದಲ್ಲಿಯೇ ಬಂದು ಕೊಂಬೆ ಹಿಡಿಯುತ್ತವೆ. ಬಣ್ಣದ ಕೊಕ್ಕರೆಗಳು ಅವುಗಳ ಹಿಂದೆ ಬರುತ್ತವೆ. ಬೇಸಗೆ ಬಲಿತಂತೆ ಮರಿಗಳೂ ಬಲಿಯುತ್ತವೆ. ಸುಮಾರು ಏಳೆಂಟು ಅಡಿ ಅಗಲದ ರೆಕ್ಕೆಗಳನ್ನು ಹರಡಿ ಹೆಜ್ಜಾರ್ಲೆಯೊಂದು ಹೆಂಚಿನ ಮೇಲಿಂದ ತೇಲಿಬಂದು, ಆ ಭಾರಿ ದೇಹವನ್ನು ಸಣ್ಣ ಕೊಂಬೆಯ ಮೇಲೆ ಇಳಿಸುವ ಪರಿಯನ್ನು ಎಷ್ಟು ಬಾರಿ ನೋಡಿದರೂ ಕೊಂಬೆ ಮುರಿದೇ ಹೋಯಿತೆನ್ನುವ ಆತಂಕ ತಪ್ಪದು. ಇಳಿದೊಡನೆ ಮರಿ ತನ್ನ ತಲೆಯನ್ನೇ ತಾಯಿಯ ಗಂಟಲ ಚೀಲದೊಳಗೆ ತೂರಿಸಿ ಮೀನನ್ನು ಹುಡುಕುತ್ತದೆ. ಕೊಕ್ಕರೆಯ ಬಾಲದೆಡೆಯ ನಸುಗೆಂಪು, ಹಳದಿ ಕೊಕ್ಕು, ಕಿತ್ತಳೆ ಮೋರೆ ಇವುಗಳೆಲ್ಲ ಮದುವೆಮನೆಗೆ ಸಿಂಗರಿಸಿಕೊಂಡು ಬಂದವರಂತೆ ಕಾಣುತ್ತವೆ. ಊರಿನವರ ಮಾತೂ ಅದೇ ಧಾಟಿಯದು: ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು.

ಮಾರ್ಚ್, ಏಪ್ರಿಲ್ ತಿಂಗಳುಗಳ ನಸುಕಿನಲ್ಲಿ ಕ್ಯಾಮೆರಾ ಹೊತ್ತವರು ಬರತೊಡಗುತ್ತಾರೆ. ಒಂಬತ್ತು ಗಂಟೆಯವರೆಗಿನ ಓರೆಬಿಸಿಲು ಅವರಿಗೆ ಬಂಗಾರ. ಆಮೇಲೆ ಬಿಳಿಯ ಗರಿಗಳು ಸುಣ್ಣದ ಗೋಡೆಯಂತೆ ವಿವರ ಕಳೆದುಕೊಳ್ಳುತ್ತವೆ. ಆಕಾಶವನ್ನು ಹಿನ್ನೆಲೆಯಾಗಿಟ್ಟರೆ ಹಕ್ಕಿಯೇ ಇದ್ದಿಲಾಗುತ್ತದೆ. ಹೊಸಬರಿಗೆ ಇದಕ್ಕಿಂತ ದೊಡ್ಡ ತೊಂದರೆ ಬೇರೆ. ದೂರದ ಮಸೂರದಲ್ಲಿ ಹಕ್ಕಿಯನ್ನು ಹಿಡಿದೊಡನೆ ಅಂಚಿನಲ್ಲಿ ವಿದ್ಯುತ್ತಂತಿಯೋ, ಒಗೆದು ಹಾಕಿದ ಸೀರೆಯೋ, ಹೆಂಚಿನ ಮೂಲೆಯೋ ಇಣುಕುತ್ತದೆ. ಅವುಗಳನ್ನು ತಪ್ಪಿಸಲು ಅವರು ಬಗ್ಗುತ್ತಾರೆ, ಸರಿಯುತ್ತಾರೆ, ಅನ್ಯರ ಹಿತ್ತಲಿಗೂ ನುಗ್ಗುತ್ತಾರೆ. ಕೊನೆಗೆ ದೊರೆತ ಅಚ್ಚುಕಟ್ಟಾದ ಚಿತ್ರದಲ್ಲಿ ಹಕ್ಕಿಯಿದೆ, ಕೊಂಬೆಯಿದೆ, ಊರು ಮಾತ್ರ ಇಲ್ಲ. ಅಂಥ ಚಿತ್ರವನ್ನು ರಂಗನತಿಟ್ಟಿನಲ್ಲಿಯೂ ತೆಗೆಯಬಹುದಿತ್ತು. ಸೀರೆಯನ್ನೂ ಹೆಂಚನ್ನೂ ಬಿಟ್ಟುಕೊಟ್ಟ ಚಿತ್ರ ಕೊಕ್ಕರೆಬೆಳ್ಳೂರಿನದಲ್ಲ.

ಏಕೆಂದರೆ ಆ ಮರಕ್ಕೊಬ್ಬ ಯಜಮಾನನಿದ್ದಾನೆ. ಹುಣಿಸೆ ಹಣ್ಣಾಗುವುದೂ ಬೇಸಗೆಯಲ್ಲಿಯೇ. ಗೂಡಿನಲ್ಲಿ ಮರಿಗಳಿರುವುದೂ ಆಗಲೇ. ಗಳು ಹಿಡಿದು ಕೊಂಬೆ ಬಡಿದರೆ ಹಣ್ಣಿನ ಜೊತೆಗೆ ಗೂಡೂ ಉದುರೀತು. ಆದ್ದರಿಂದ ಹಕ್ಕಿ ಕೂತ ಮರದ ಫಸಲನ್ನು ಅನೇಕರು ಬಿಟ್ಟುಬಿಡುತ್ತಾರೆ. ಹುಣಿಸೆ ನಗರದವರಿಗೆ ಸಾರಿನ ಹುಳಿ. ಹಳ್ಳಿಯವನಿಗೆ ವರ್ಷಕ್ಕೊಮ್ಮೆ ಕೈಸೇರುವ ರೊಕ್ಕ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರಿನ ಗೂಡುಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮರದ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿಯೂ ಬಂದಿತು. ಆ ಹಣ ಹಣ್ಣಿನ ಬೆಲೆಗೆ ಸಾಟಿಯಲ್ಲವೆಂಬ ದೂರು ಬಹುಕಾಲದ್ದು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಹಕ್ಕಿಗಳೂ ತಮ್ಮ ಬಾಡಿಗೆಯನ್ನು ಸ್ವಲ್ಪಮಟ್ಟಿಗೆ ಸಲ್ಲಿಸುತ್ತವೆನ್ನಬೇಕು: ಮರದಡಿಯ ಮಣ್ಣಿನಲ್ಲಿ ಬೆರೆತ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ. ಅದರ ವಾಸನೆಯ ವಿಚಾರ ಬೇರೆ. ಅದನ್ನು ಯಾವ ಛಾಯಾಚಿತ್ರವೂ ಹೇಳದಿರುವುದು ಓದುಗರ ಭಾಗ್ಯ.

ಮಧ್ಯಾಹ್ನ ಕ್ಯಾಮೆರಾಗಳು ಚೀಲ ಸೇರುತ್ತವೆ. ನೋಡತಕ್ಕದ್ದು ನಡೆಯುವುದು ಆಗಲೇ. ನೆತ್ತಿಯ ಸೂರ್ಯನಿಗೆ ಬೆನ್ನು ಕೊಟ್ಟ ತಾಯಿಕೊಕ್ಕರೆ ರೆಕ್ಕೆಗಳನ್ನು ಕೊಡೆಯಂತೆ ಅರ್ಧ ಬಿಚ್ಚಿ, ಆ ನೆರಳಿನೊಳಗೆ ಮರಿಗಳನ್ನಿಟ್ಟುಕೊಂಡು ಅಲುಗಾಡದೆ ನಿಲ್ಲುತ್ತದೆ. ಸೂರ್ಯ ಸರಿದಂತೆ ಅದೂ ಅಷ್ಟಷ್ಟೇ ಸರಿಯುತ್ತದೆ. ಕೆಳಗೆ ಅದೇ ಮರದ ನೆರಳಿನಲ್ಲಿ ಹಸು ಮೆಲುಕು ಹಾಕುತ್ತಿರುತ್ತದೆ. ಬಡಕಲು ಮಂಚದ ಮೇಲೆ ಅಜ್ಜನೊಬ್ಬ ಟವೆಲನ್ನು ಮುಖಕ್ಕೆಳೆದುಕೊಂಡು ಮಲಗಿರುತ್ತಾನೆ. ಬೆಳಕು ಕೆಟ್ಟದ್ದು, ಚಿತ್ರ ಒಳ್ಳೆಯದು.

ಜೋರು ಗಾಳಿ ಬೀಸಿದ ದಿನ, ಅಥವಾ ಗೂಡಿನಲ್ಲಿ ತಳ್ಳಾಟವಾದ ದಿನ, ಮರಿಯೊಂದು ಧೊಪ್ಪನೆ ಅಂಗಳಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಮರಿಯನ್ನು ಗೂಡಿಗೆ ಕರೆದೊಯ್ಯುವ ಉಪಾಯ ಆ ದೊಡ್ಡ ಹಕ್ಕಿಗಳಿಗಿಲ್ಲ. ನಾಯಿಗಿಂತ ಮುಂಚೆ ಮನುಷ್ಯ ಓಡಬೇಕು. ಊರಿನ ತರುಣರ ‘ಹೆಜ್ಜಾರ್ಲೆ ಬಳಗ’ ಇಂಥ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವವರೆಗೆ ಸಾಕುವ ಕೆಲಸವನ್ನು ಮೈಮೇಲೆ ಹಾಕಿಕೊಂಡಿತು. ಅದೂ ಬೇಸಗೆಯಲ್ಲಿ, ಕೆರೆಗಳು ಬತ್ತಿ ಮೀನು ದುರ್ಲಭವಾಗುವ ಹೊತ್ತಿನಲ್ಲಿ.

ಗೂಡಿನ ಬಳಿ ಚಿತ್ರ ತೆಗೆಯಬಾರದೆನ್ನುವುದು ಇಂದಿನ ಛಾಯಾಗ್ರಾಹಕರು ಬಹುಮಟ್ಟಿಗೆ ಒಪ್ಪಿಕೊಂಡ ನಿಯಮ. ಫಿಲ್ಮಿನ ಕಾಲದಲ್ಲಿ ಗೂಡಿನೆದುರು ಮರೆ ಕಟ್ಟಿ ಗಂಟೆಗಟ್ಟಲೆ ಕಾಯುವುದೇ ವಿದ್ಯೆಯಾಗಿತ್ತು. ಕೊಕ್ಕರೆಬೆಳ್ಳೂರಿನಲ್ಲಿ ಈ ನಿಯಮ ತೊಡಕಿಗೆ ಸಿಕ್ಕುತ್ತದೆ: ಊರಿನ ಬೀದಿಯಲ್ಲಿ ನಿಂತರೂ ಗೂಡಿನ ಬಳಿಯೇ ನಿಂತಂತೆ! ದಿನವೂ ಕಾಣುವ ಜನರಿಗೆ ಹಕ್ಕಿಗಳು ಬೆದರುವುದಿಲ್ಲ. ಚಪ್ಪಾಳೆ ತಟ್ಟಿ ಹಾರಿಸಿ ಚಿತ್ರ ತೆಗೆಯುವ ಅತಿಥಿಗೆ ಬೆದರುತ್ತವೆ. ತಾಯಿ ಎದ್ದ ಆ ಹೊತ್ತಿನಲ್ಲಿ ಮೊಟ್ಟೆಯನ್ನು ಕಾಗೆ ಕುಕ್ಕಲು ಎಷ್ಟು ಹೊತ್ತು? ಅಂಥವನನ್ನು ಜಗಲಿಯ ಮೇಲಿನ ಅಜ್ಜಿ ಗದರಿಸಿದರೆ ಆಕೆಯ ಪಕ್ಷವೇ ನ್ಯಾಯ.

ಮೊದಲ ಮಳೆಗಳ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಒಂದೊಂದಾಗಿ ಊರು ಬಿಡುತ್ತವೆ. ಬಿಳಿ ಹಿಕ್ಕೆ ಮೆತ್ತಿದ ಎಲೆಗಳು ತೊಳೆದು ಹಸಿರಾಗುತ್ತವೆ. ಕ್ಯಾಮೆರಾದವರು ಆಗ ಬರುವುದಿಲ್ಲ. ಯಾರೋ ಒಬ್ಬಾಕೆ ಅಂಗಳದಲ್ಲಿ ಬಿದ್ದ ಗೂಡಿನ ಕಡ್ಡಿಗಳನ್ನು ಗುಡಿಸಿ, ಒಣಗಿದವನ್ನು ಆರಿಸಿ, ನೀರು ಕಾಯಿಸುವ ಒಲೆಯ ಪಕ್ಕಕ್ಕೆ ಒಯ್ದಿಡುತ್ತಾಳೆ.