ಬೈಕಿಗೂ ನೆಗಡಿ, ಬೈಕಿಗೂ ಕಾಲುನೋವು

ಮಿಕ್ಸಿ ಕೆಟ್ಟರೆ ನಾನು. ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾದರೆ ನಾನು. ಬಾವಿಯ ಪಂಪು ನೀರೆತ್ತದೆ ಹಟ ಹಿಡಿದರೆ ಅದಕ್ಕೂ ನಾನೇ. ಆದರೆ ಅಂಗಳದಲ್ಲಿ ನಿಂತ ಬೈಕಿನ ವಿಷಯಕ್ಕೆ ಬಂದರೆ ಮಾತ್ರ, "ನಿನಗೇನು ಗೊತ್ತಾಗುತ್ತೆ, ನೀನು ಒಳಗೆ ಹೋಗು" ಅನ್ನುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದೀತು. ನಾನೂ ಸುಮ್ಮನೆ ಒಳಗೆ ಹೋಗುತ್ತಿದ್ದೆ. ಹಾಗೆ ಒಳಗೆ ಹೋಗಿದ್ದರಿಂದ ಏನಾಯಿತು ಅಂತ ಹೇಳಲಿಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ.

ನಮ್ಮ ಮನೆ ಇರುವುದು ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ, ಒಂದಿಷ್ಟು ಕಾಫಿ ತೋಟದ ನಡುವೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ. ಜೂನ್ ಬಂತೆಂದರೆ ಬಟ್ಟೆ ಒಣಗದು, ಉಪ್ಪು ನೀರಾಗದೆ ಬಿಡದು. ಇನ್ನು ಹೊರಗೆ ನಿಂತ ಬೈಕಿನ ಪಾಡೇನು? ತೋಟಕ್ಕೆ, ಸಂತೆಗೆ, ಆಸ್ಪತ್ರೆಗೆ, ಮಗನ ಕಾಲೇಜಿಗೆ ಎಲ್ಲಕ್ಕೂ ಅದೇ ಬೈಕು. ಅದು ಮಲಗಿದರೆ ಮನೆಯೇ ಮಲಗಿದ ಹಾಗೆ.

ಮಾವನವರ ಯೆಜ್ಡಿ

ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ನಾನು 2000ನೇ ಇಸವಿಯಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಆಗ ಮಾವನವರ ಹತ್ತಿರ ಒಂದು ಯೆಜ್ಡಿ ಇತ್ತು. ನಮ್ಮ ಮೈಸೂರಿನದೇ ಗಾಡಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ತಯಾರಾಗುತ್ತಿದ್ದವು. 1996ರಲ್ಲಿ ಕಾರ್ಖಾನೆ ನಿಂತಿತು. ಎರಡು ಸೈಲೆನ್ಸರು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು, ಕಿಕ್ ಹೊಡೆಯುವ ಸರಳೇ ಗೇರಿನ ಸರಳು ಕೂಡ! ಮಾವ ಕೆದಕಲ್ ತಿರುವಿಗೆ ಬಂದಾಗಲೇ ಅತ್ತೆ ಶಬ್ದ ಕೇಳಿ ಒಲೆಗೆ ಕಾಫಿಯ ನೀರು ಇಡುತ್ತಿದ್ದರು.

ಮಳೆಗಾಲದಲ್ಲಿ ಅದು ಸ್ಟಾರ್ಟ್ ಆಗದಿದ್ದರೆ ಮಾವ ಪ್ಲಗ್ ಬಿಚ್ಚಿ ಜಗಲಿಯಲ್ಲಿ ಕೂರುತ್ತಿದ್ದರು. ಟಾರ್ಚು ಹಿಡಿಯುವ ಕೆಲಸ ನನ್ನದು. "ನೋಡಮ್ಮಾ, ಪ್ಲಗ್ಗಿನ ಮೂಗು ನೋಡಿದರೆ ಎಂಜಿನ್ನಿನ ಹೊಟ್ಟೆಯ ವಿಷಯ ಗೊತ್ತಾಗುತ್ತೆ. ವೈದ್ಯರು ನಾಲಿಗೆ ನೋಡೋದಿಲ್ವಾ, ಹಾಗೆ" ಅನ್ನುತ್ತಿದ್ದರು. ಸೊಸೆ ಹೆಣ್ಣು, ಇವಳಿಗೇಕೆ ಅನ್ನುವ ಭಾವ ಅವರಿಗಿರಲಿಲ್ಲ. 2011ರಲ್ಲಿ ಅವರು ತೀರಿಕೊಂಡರು. ಯೆಜ್ಡಿ ಇವತ್ತಿಗೂ ಕಾಫಿ ಕಣದ ಪಕ್ಕದ ಕೊಟ್ಟಿಗೆಯಲ್ಲಿದೆ, ಟಾರ್ಪಾಲು ಹೊದ್ದು. ಆಮೇಲೆ ನಮ್ಮ ಯಜಮಾನರ ನೂರು ಸಿ.ಸಿ. ಬೈಕಿನ ಕಾಲ ಬಂತು. ನನ್ನ ಟಾರ್ಚಿನ ಕೆಲಸವೂ ಮುಗಿಯಿತು.

ಕಕ್ಕಡ 18ರ ದಿನ

2023ರ ಆಗಸ್ಟ್ 3. ಕಕ್ಕಡ 18. ನಮ್ಮ ಕಡೆ ಅವತ್ತು ಮದ್ದು ಸೊಪ್ಪಿನ ಪಾಯಸ ಮಾಡಲೇಬೇಕು. ಸೊಪ್ಪು ಕುದಿಸಿ ನೇರಳೆ ರಸ ಸೋಸುತ್ತಿದ್ದೆ. ಆ ವರ್ಷ ಮಗ ಡಿಗ್ರಿ ಸೇರಿದ್ದ, ಅಪ್ಪನ ಬೈಕಿನಲ್ಲಿ ಮಡಿಕೇರಿಗೆ ಹೋಗಿ ಬರುತ್ತಿದ್ದ.

ಒಂದು ವಿಷಯ ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ಅದಕ್ಕೂ ಎರಡು ವಾರದ ಮುಂಚಿನಿಂದ, ಮಗ ಗೇಟಿನ ಹತ್ತಿರ ಬ್ರೇಕ್ ಹಿಡಿದಾಗಲೆಲ್ಲ ಮುಂದಿನಿಂದ 'ಕಟಕ್' ಅಂತ ಒಂದು ಶಬ್ದ ಬರುತ್ತಿತ್ತು. ಅಡಿಗೆಮನೆ ಕಿಟಕಿಯಿಂದ ನನಗೆ ಚೆನ್ನಾಗಿ ಕೇಳುತ್ತಿತ್ತು. ಅಂಗಳದ ಕೆಸರಿನಲ್ಲಿ ಹಿಂದಿನ ಟೈರಿನ ಗುರುತು ನಡುವೆ ಚಪ್ಪಟೆಯಾಗಿ, ದೋಸೆ ಹೊಯ್ದ ಹಾಗೆ ನುಣ್ಣಗೆ ಬೀಳುತ್ತಿತ್ತು. ಇವರಿಗೆ ಒಮ್ಮೆ ಹೇಳಿದೆ. "ಮಳೆ ನಿಲ್ಲಲಿ, ಸರ್ವಿಸಿಗೆ ಬಿಡೋಣ. ನೀನು ಒಳಗೆ ಹೋಗು" ಅಂದರು. ಎರಡನೆಯ ಸಲ ಹೇಳಲಿಲ್ಲ. ಹೇಳಿದರೆ ಜಗಳ, ಹೇಳದಿದ್ದರೆ ನೆಮ್ಮದಿ ಅಂದುಕೊಂಡೆ.

ಮಧ್ಯಾಹ್ನ ಬೋಯಿಕೇರಿ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಎದುರಿಗೆ ಜೀಪು ಬಂತಂತೆ. ಮಗ ಬ್ರೇಕ್ ಒತ್ತಿದ. ಹ್ಯಾಂಡಲ್ ಗಡಗಡ ನಡುಗಿತು, ಹಿಂದಿನ ಚಕ್ರ ಜಾರಿತು. ಕಾಲರ್ ಬೋನು ಮುರಿದಿತ್ತು. ತಲೆಗೆ ಹೆಲ್ಮೆಟ್ ಇತ್ತು, ಅದರ ಒಂದು ಬದಿ ರಸ್ತೆಗೆ ಉಜ್ಜಿ ತುರಿದ ತೆಂಗಿನ ಚಿಪ್ಪಿನ ಹಾಗಾಗಿತ್ತು. ಆ ಹೆಲ್ಮೆಟ್ ನೋಡಿದ ಮೇಲೆ ನನ್ನ ಕೈಕಾಲು ಆಡಲಿಲ್ಲ. ಆವತ್ತಿನ ಪಾಯಸ ಪಾತ್ರೆಯಲ್ಲೇ ಉಳಿಯಿತು.

ಮೂರು ದಿನದ ಮೇಲೆ ಸುಂಟಿಕೊಪ್ಪದ ಮೆಕ್ಯಾನಿಕ್ ಬೈಕು ನೋಡಿ, "ಅಕ್ಕಾ, ಕೋನ್ ಸೆಟ್ ಪೂರಾ ಲೂಸ್ ಆಗಿದೆ. ಹಿಂದಿನ ಟೈರಲ್ಲಿ ಗಾಳಿನೂ ಇಲ್ಲ, ಬಟನ್ನೂ ಇಲ್ಲ. ಇದು ಇವತ್ತಿನ ಕಾಯಿಲೆ ಅಲ್ಲ, ಶಬ್ದ ಮಾಡ್ತಿರಲಿಲ್ವಾ?" ಅಂದ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಇಬ್ಬರಿಗೂ ಮಾತು ಬರಲಿಲ್ಲ. ಬೈಕು ಹದಿನೈದು ದಿನ ಬಾಯಿಬಿಟ್ಟು ಹೇಳಿತ್ತು. ಕೇಳಿಸಿಕೊಂಡವಳು ನಾನೊಬ್ಬಳೇ, ಸುಮ್ಮನಿದ್ದವಳೂ ನಾನೇ.

ಅವತ್ತಿನಿಂದ ನಾಚಿಕೆ ಬಿಟ್ಟೆ. ಬೈಕಿನ ಜೊತೆ ಕೊಟ್ಟ ಕಂಪನಿ ಪುಸ್ತಕವನ್ನು ಹುಡುಕಿ ತೆಗೆದೆ. ಗ್ಯಾರೇಜಿನಲ್ಲಿ ಸ್ಟೂಲು ಹಾಕಿಸಿಕೊಂಡು ಕೂತು ಕೇಳಿದೆ. ಕಲಿತದ್ದನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಬೈಕಿನ ಕಾಯಿಲೆಯಲ್ಲಿ ಎರಡು ಜಾತಿ: ಎಂಜಿನ್ನಿನ ನೆಗಡಿ, ಚಕ್ರಗಳ ಕಾಲುನೋವು.

ನೆಗಡಿಯ ಲಕ್ಷಣಗಳು

ಸ್ಟಾರ್ಟ್ ಆಗದಿದ್ದರೆ ಒದ್ದಾಡುವ ಮುಂಚೆ ಕೆಂಪು ಸ್ವಿಚ್ಚು ನೋಡಿ. ಬಲಗೈ ಹತ್ತಿರ ಎಂಜಿನ್ ನಿಲ್ಲಿಸುವ ಕೆಂಪು ಗುಂಡಿ ಇರುತ್ತದಲ್ಲ, ಅದು. ನಮ್ಮವರು ಒಂದು ದಿನ ಅರ್ಧ ಗಂಟೆ ಕಿಕ್ ಹೊಡೆದು ಬೆವರಿಳಿಸಿದರು. ನಾನು ಹೋಗಿ ಆ ಗುಂಡಿ ಒತ್ತಿದೆ, ಬೈಕು ಹೊರಟಿತು. ಇವರು ಅವತ್ತು ತಿಂಡಿಗೆ ಎರಡನೆಯ ಸಲ ಕೇಳಲಿಲ್ಲ! ಆಮೇಲೆ ಪೆಟ್ರೋಲಿನ ನಲ್ಲಿ ತೆರೆದಿದೆಯೇ, ಟ್ಯಾಂಕಿನಲ್ಲಿ ಪೆಟ್ರೋಲಿದೆಯೇ ನೋಡಿ.

ಒಲೆ ಉರಿಯಲು ಸೌದೆ, ಕಿಡಿ, ಗಾಳಿ ಮೂರೂ ಬೇಕು. ಎಂಜಿನ್ನಿಗೂ ಅಷ್ಟೇ. ನಮ್ಮ ಮಳೆಯಲ್ಲಿ ಮೊದಲು ಕೆಡುವುದು ಕಿಡಿ. ಪ್ಲಗ್ಗಿನ ಟೋಪಿಯೊಳಗೆ ತೇವ ಸೇರುತ್ತದೆ. ಎಂಜಿನ್ ತಣ್ಣಗಿದ್ದಾಗ ಟೋಪಿ ತೆಗೆದು ಒಣಬಟ್ಟೆಯಲ್ಲಿ ಒರೆಸಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಪ್ಲಗ್ಗಿನ ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಕಟ್ಟಿದ್ದರೆ ಗಾಳಿ ಸಾಲದು, ಪೆಟ್ರೋಲು ಹೆಚ್ಚು. ಚೋಕ್ ಎಳೆದದ್ದು ಹಾಗೇ ಮರೆತಿರಬಹುದು, ಇಲ್ಲವೇ ಏರ್ ಫಿಲ್ಟರು ಕಟ್ಟಿರಬಹುದು. ಬೂದಿಯ ಹಾಗೆ ಬೆಳ್ಳಗಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ, ಮೆಕ್ಯಾನಿಕ್‌ಗೆ ತೋರಿಸಿ.

ಏರ್ ಫಿಲ್ಟರು ಬೈಕಿನ ಮೂಗು. ಮೂಗು ಕಟ್ಟಿದರೆ ಏರು ಹತ್ತುವಾಗ ಏದುಸಿರು, ಮೈಲೇಜಿಗೂ ಖೋತಾ. ಕಾಗದದ ಫಿಲ್ಟರನ್ನು ಬಟ್ಟೆಯ ಹಾಗೆ ಒಗೆಯಬೇಡಿ, ಬದಲಿಸಬೇಕು. ಸ್ಪಂಜಿನದಾದರೆ ಪುಸ್ತಕದಲ್ಲಿ ಹೇಳಿದ ರೀತಿಯಲ್ಲಿ ತೊಳೆಯಬಹುದು.

ಈಗ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದಕ್ಕೆ ನೀರನ್ನು ಹೀರಿಕೊಳ್ಳುವ ಗುಣ. ನೀರು ಮಿತಿಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕಿಳಿದು ಎಂಜಿನ್ ಬಿಕ್ಕಳಿಸುತ್ತದೆ. ಆದ್ದರಿಂದ ಟ್ಯಾಂಕಿನ ಮುಚ್ಚಳದ ರಬ್ಬರು ಚೆನ್ನಾಗಿರಲಿ, ಗಾಡಿಯನ್ನು ಸೂರಿನ ನೀರು ಬೀಳುವಲ್ಲಿ ನಿಲ್ಲಿಸಬೇಡಿ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಾದರೆ ಅದರ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಬಸಿಯಬಹುದು. ಹತ್ತಿರದಲ್ಲಿ ಬೆಂಕಿ, ಬೀಡಿ ಇರಕೂಡದು. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರ್ಬುರೇಟರೇ ಇಲ್ಲ. ಅಂಥವುಗಳ ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಆರದೆ ಉರಿಯುತ್ತಿದ್ದರೆ ನಾವು ಕೈಹಾಕದೆ ಗ್ಯಾರೇಜಿಗೆ ಕಳಿಸುವುದೇ ಜಾಣತನ.

ಹೊಗೆಯನ್ನೂ ನೋಡಿ. ಕಪ್ಪಾದರೆ ಪೆಟ್ರೋಲು ಹೆಚ್ಚು. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಚಳಿಯ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಳಿ ಹಬೆ ಬಂದರೆ ಹೆದರಬೇಡಿ, ಅದು ಇಡ್ಲಿ ಪಾತ್ರೆಯ ಹಬೆಯಷ್ಟೇ ಪಾಪದ್ದು.

ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಏರು ಹತ್ತುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಕ್ಲಚ್ಚಿನ ಸರಳಿಗೆ ತುಸು ಸಡಿಲ ಇರಬೇಕು. ಕೇಬಲ್ ಬಿಗಿದುಕೊಂಡಿದ್ದರೆ ಕ್ಲಚ್ ಪೂರ್ತಿ ಹಿಡಿಯುವುದೇ ಇಲ್ಲ. ಎಂಜಿನ್ ಕೂಗದೆ ಗಾಡಿ ಭಾರವಾಗಿ ಎಳೆಯುತ್ತಿದ್ದರೆ, ಚಕ್ರವನ್ನು ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಶೂ ಉಜ್ಜುತ್ತಿದ್ದರೆ ಚಕ್ರ ಸಲೀಸಾಗಿ ತಿರುಗದು, ನಡುಭಾಗ ಬಿಸಿಯಾಗಿರುತ್ತದೆ.

ಕಾಲುನೋವಿನ ಲಕ್ಷಣಗಳು

ನೆಗಡಿಯಿಂದ ಗಾಡಿ ನಿಲ್ಲುತ್ತದೆ, ಅಷ್ಟೆ. ಕಾಲುನೋವಿನಿಂದ ಗಾಡಿ ಬೀಳುತ್ತದೆ. ಆದ್ದರಿಂದ ಇದಕ್ಕೆ ಇನ್ನಷ್ಟು ಗಮನ ಕೊಡಿ.

ಮೊದಲನೆಯದು ಟೈರಿನ ಗಾಳಿ. ಎಷ್ಟಿರಬೇಕೆಂದು ಪುಸ್ತಕದಲ್ಲಿರುತ್ತದೆ, ಒಬ್ಬರು ಕೂತರೆ ಒಂದು ಲೆಕ್ಕ, ಇಬ್ಬರಿಗೆ ಇನ್ನೊಂದು. ಬೆಳಿಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿಸಬೇಕು, ಓಡಿದ ಮೇಲೆ ಬಿಸಿಗೆ ಗಾಳಿ ಹೆಚ್ಚಾಗಿ ತೋರಿಸುತ್ತದೆ. ಗಾಳಿ ಕಡಿಮೆಯಾದರೆ ಹ್ಯಾಂಡಲ್ ಭಾರ, ತಿರುವಿನಲ್ಲಿ ಓಲಾಟ. ಟೈರಿನ ಗೆರೆಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಬದಲಿಸಲೇಬೇಕು. ಆ ಗೆರೆಗಳಿರುವುದೇ ಮಳೆನೀರನ್ನು ಆಚೆ ತಳ್ಳಲು. ನುಣ್ಣನೆ ಟೈರು ನೀರಿನ ಮೇಲೆ ತೇಲಿಬಿಡುತ್ತದೆ.

ಎರಡನೆಯದು ನನ್ನ ಆ 'ಕಟಕ್'. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಚಕ್ರದ ಅಕ್ಕಪಕ್ಕದ ಎರಡು ಕೊಳವೆಗಳನ್ನು ಕೆಳಗಡೆ ಹಿಡಿದು ಹಿಂದೆ ಮುಂದೆ ಅಲುಗಿಸಿ. ಕಟಕ್ ಅಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುವಾಗ ನಡುವೆ ಗೂಡಿಗೆ ಕೂತ ಹಾಗೆ ತಡೆದರೆ ಕೋನ್ ಸೆಟ್ ಸವೆದಿದೆ. ಎರಡಕ್ಕೂ ತಡಮಾಡಬೇಡಿ. ಆ ಕೊಳವೆಗಳ ಮೇಲೆ ಎಣ್ಣೆ ಸೋರಿದ್ದರೆ ಅದರ ಸೀಲು ಹೋಗಿದೆ. ಹಿಂದಿನ ಚಕ್ರವನ್ನೂ ಹಿಡಿದು ಅಡ್ಡಕ್ಕೆ ಅಲುಗಿಸಿ. ಆಡಿದರೆ ಬೇರಿಂಗೋ ಬುಷ್ಷೋ ಸವೆದಿರುತ್ತದೆ.

ಮೂರನೆಯದು ಚೈನು. ಎಂಜಿನ್ ಆಫ್ ಮಾಡಿಯೇ ಮುಟ್ಟಿ, ಓಡುವ ಚೈನಿಗೆ ಬೆರಳು ಕೊಟ್ಟು ಕಳೆದುಕೊಂಡವರಿದ್ದಾರೆ. ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು ಒಂದು ಅಂಗುಲ ಆಡಬೇಕು. ಬಿಗಿಯಾದರೂ ಕೆಟ್ಟದ್ದು, ಜೋತರೂ ಕೆಟ್ಟದ್ದು. ಚೈನು ಬಿಗಿ ಮಾಡಿಸಿದ ಮೇಲೆ ಹಿಂದಿನ ಚಕ್ರದ ಎರಡೂ ಬದಿಯ ಗುರುತು ಒಂದೇ ಕಡೆ ಇದೆಯೇ ನೋಡಿ. ಹೆಚ್ಚುಕಡಿಮೆಯಾದರೆ ಚಕ್ರ ಸೊಟ್ಟಗೆ ಕೂತು ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಮಳೆ ಚೈನಿನ ಎಣ್ಣೆಯನ್ನು ತೊಳೆದುಬಿಡುತ್ತದೆ, ಆಗಾಗ ಹಾಕುತ್ತಿರಬೇಕು. ಟೈರಿಗೂ ಬ್ರೇಕಿಗೂ ಮಾತ್ರ ಎಣ್ಣೆ ತಾಗಕೂಡದು.

ಕಡೆಯದಾಗಿ ಬ್ರೇಕು. ನೀರು ನಿಂತ ಕಡೆ ದಾಟಿದ ಮೇಲೆ ಮೆಲ್ಲಗೆ ಒಂದೆರಡು ಸಲ ಒತ್ತಿ ಒಣಗಿಸಿಕೊಳ್ಳಬೇಕು. ಸಂಪಾಜೆ ಘಾಟಿಯಂಥ ಇಳಿಜಾರಿನಲ್ಲಿ ಪೆಟ್ರೋಲು ಉಳಿಸುತ್ತೇನೆಂದು ನ್ಯೂಟ್ರಲ್ ಮಾಡುವ ಗಂಡಸರಿದ್ದಾರೆ. ಆಗ ಪೂರಾ ಭಾರ ಬ್ರೇಕಿನ ಮೇಲೆಯೇ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಅಂತ ಮಾವ ಹೇಳುತ್ತಿದ್ದರು.

ಇಷ್ಟು ತಿಳಿದ ಮಾತ್ರಕ್ಕೆ ನಾನೇನೂ ಮೆಕ್ಯಾನಿಕ್ ಆಗಲಿಲ್ಲ. ಜ್ವರ ಇದೆಯೋ ಇಲ್ಲವೋ ಹಣೆ ಮುಟ್ಟಿ ಹೇಳಬಲ್ಲೆ, ಮದ್ದು ಕೊಡುವವರು ಬೇರೆ. ಆದರೆ ಹಣೆ ಮುಟ್ಟುವವರು ಮನೆಯಲ್ಲೇ ಇರಬೇಕಲ್ಲವೇ? ಶಬ್ದ, ವಾಸನೆ, ಬಿಸಿ ಇವುಗಳಲ್ಲಿ ಬದಲಾವಣೆ ನಮಗೆ ಗೊತ್ತಾಗುವಷ್ಟು ಬೇಗ ಇನ್ಯಾರಿಗೆ ಗೊತ್ತಾಗುತ್ತೆ? ಸಾರು ತಳ ಹಿಡಿಯುವುದನ್ನು ಪಕ್ಕದ ಕೋಣೆಯಿಂದಲೇ ಕಂಡುಹಿಡಿಯುವವರು ನಾವು.

ಮಗನ ಮೂಳೆ ಕೂಡಿತು. ನವೆಂಬರಿನಲ್ಲಿ ಮತ್ತೆ ಬೈಕು ತೆಗೆದ. ಬೇಡ ಅನ್ನಲು ಬಾಯಿ ತೆರೆದಿದ್ದೆ, ಆದರೆ ಎಷ್ಟು ದಿನ ಬೇಡ ಅಂದೇನು? ಹೊಸ ಟೈರು, ಹೊಸ ಕೋನ್ ಸೆಟ್, ಹೊಸ ಹೆಲ್ಮೆಟ್ಟು. ಗೇಟಿನವರೆಗೆ ಹೋದವನು ನಿಲ್ಲಿಸಿ, ಮುಂದಿನ ಬ್ರೇಕ್ ಒತ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿದ. ನಮ್ಮವರು ಅಂಗಳದಿಂದಲೇ ಅಡಿಗೆಮನೆ ಕಿಟಕಿಯ ಕಡೆ ತಿರುಗಿ, "ಏನಾದ್ರೂ ಕೇಳಿಸ್ತಾ?" ಅಂದರು.

"ಇಲ್ಲ, ಹೋಗ್ಲಿ" ಅಂದೆ.

ಹೋದ. ಶಬ್ದ ಕೆದಕಲ್ ತಿರುವು ದಾಟುವವರೆಗೂ ಕಿಟಕಿಯಲ್ಲೇ ನಿಂತಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಹೋಗಲಿ ಬಿಡಿ, ಹಾಲು ತಾನೆ.