ಹೊಗೆಯಾಡದ ಒಲೆ

2008ರ ಫೆಬ್ರವರಿಯಲ್ಲಿ ಟಾಂಜಾನಿಯಾದ ದೊಡೊಮಾ ಪ್ರಾಂತದ ಹಳ್ಳಿಗಳಿಗೆ ಸೇವೆಗೆಂದು ತೆರಳಿದ್ದೆ. ಹಳೆಯ ಧಾನ್ಯ ಮುಗಿದು, ಹೊಸ ಬೆಳೆ ಇನ್ನೂ ಹೊಲದಲ್ಲೇ ಇರುವ ಹಸಿವಿನ ಕಾಲವದು. ಪಟ್ಟಿಯಲ್ಲಿದ್ದ ಕುಟುಂಬಗಳಿಗಷ್ಟೇ ಮೆಕ್ಕೆಜೋಳದ ಹಿಟ್ಟನ್ನು ಹಂಚುತ್ತಿದ್ದೆವು.

ತಾಯಿಯೊಬ್ಬರು ತಮಗೆ ದೊರೆತ ಹಿಟ್ಟಿನಲ್ಲಿ ಅರ್ಧವನ್ನು ನನ್ನೆದುರಿಗೇ ನೆರೆಮನೆಗೆಂದು ಅಳೆದಿಟ್ಟರು. “ಅವರ ಹೆಸರು ಪಟ್ಟಿಯಲ್ಲಿಲ್ಲವಲ್ಲಮ್ಮಾ” ಎಂದು ಆಕ್ಷೇಪಿಸಿದೆ. ಜೊತೆಗಿದ್ದ ಉಪದೇಶಿ ಆಕೆಯ ಉತ್ತರವನ್ನು ತಿಳಿಸಿದರು: “ಪಾದ್ರೆ, ಎರಡು ದಿನಗಳಿಂದ ಅವರ ಒಲೆಯಲ್ಲಿ ಹೊಗೆ ಎದ್ದಿಲ್ಲ. ನನ್ನ ಬಾಗಿಲಿನಿಂದ ಅದು ಕಾಣಿಸುತ್ತದೆ.”

ನೆರೆಯವರು ಯಾರೆಂದು ಎಷ್ಟೋ ಪ್ರಬೋಧನೆಗಳಲ್ಲಿ ವಿವರಿಸಿದ್ದ ನಾನು ನಾಚಿ ಪಟ್ಟಿಯನ್ನು ಮಡಿಚಿದೆ.

ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ‘ಕರಿಬು’ ಎಂದರೆ ಸುಸ್ವಾಗತ. ‘ಹತ್ತಿರ’ ಎಂಬ ಅರ್ಥವೂ ಅದಕ್ಕುಂಟು. ಇಂದಿಗೂ ಧರ್ಮಕೇಂದ್ರದ ನೆರವಿನ ಪಟ್ಟಿಗೆ ಸಹಿ ಹಾಕುವ ಮುನ್ನ ಕೇಳಿಕೊಳ್ಳುತ್ತೇನೆ: ಬಿಟ್ಟುಹೋದ ಹೆಸರು ಯಾರದು? ನಿಮ್ಮ ಬಾಗಿಲಿನಿಂದ ಯಾರ ಒಲೆ ಕಾಣಿಸುತ್ತದೆ?