ಬೂಟಿಗೆ ಲಾಳ

ನಡುವಯಸ್ಸಿನಲ್ಲಿ ಹಿಡಿಯುವ ಹುಚ್ಚುಗಳಲ್ಲಿ ಸೈಕಲ್ಲಿನ ಹುಚ್ಚು ಅಷ್ಟೇನೂ ಅಪಾಯದ್ದಲ್ಲವೆಂದು ನಾನು ತಿಳಿದಿದ್ದೆ. ರಕ್ತದಲ್ಲಿ ಸಕ್ಕರೆ ಏರಿದೆಯೆಂದು ಡಾಕ್ಟರರು ಹೇಳಿದ ಮೇಲೆ, ಎಂ.ಕೆ. ಹುಬ್ಬಳ್ಳಿಯಿಂದ ಕಿತ್ತೂರಿನ ಕಾಲೇಜಿಗೆ ಬಸ್ಸು ಬಿಟ್ಟು ಸೈಕಲ್ ಹಿಡಿದೆ. ಸಕ್ಕರೆ ಕಾರ್ಖಾನೆಯ ಊರಿನವನಿಗೆ ಬೇರೆ ಯಾವ ರೋಗ ಬಂದೀತು ಎಂದು ಸ್ನೇಹಿತರು ನಕ್ಕರು.

ಮಳೆಗಾಲದಲ್ಲಿ ಪೆಡಲಿನ ಮೇಲಿಂದ ಕಾಲು ಜಾರುತ್ತಿತ್ತು. ಬಾಗಲಕೋಟೆ, ವಿಜಯಪುರದ ಕಡೆಯ ಸೈಕಲ್ ಪಟುಗಳ ಬೂಟು ಪೆಡಲಿಗೆ ಕಚ್ಚಿಕೊಂಡಿರುವುದನ್ನು ಪಂದ್ಯವೊಂದರಲ್ಲಿ ಕಂಡವನಿಗೆ, ನನಗೂ ಅಂಥದೇ ಬೇಕೆನ್ನಿಸಿತು. ಬೆಳಗಾವಿಗೆ ಹೋಗಿ ಒಂಬತ್ತು ಸಾವಿರ ಕೊಟ್ಟು ತಂದೆ. ಮನೆಯಲ್ಲಿ ನಾಲ್ಕು ಸಾವಿರವೆಂದು ಹೇಳಿದೆ.

ಅದು ಪಂದ್ಯದ ಬೂಟು. ಕಲ್ಲಿನಂಥ ಅಟ್ಟೆ, ಅದರಡಿ ಮೂರು ತಿರುಪುಗಳಲ್ಲಿ ಕೂರಿಸಿದ ಕ್ಲೀಟು ಗೂಟದಂತೆ ಹೊರಚಾಚಿತ್ತು. ನಡೆಯಬೇಕಾದರೆ ಹಿಮ್ಮಡಿಯೂರಿ ಬಾತುಕೋಳಿಯಂತೆ ನಡೆಯಬೇಕು. ಗದಾಯುದ್ಧದ ಊರುಭಂಗವನ್ನು ಪಾಠ ಹೇಳಬೇಕಾಗಿದ್ದ ದಿನ ತರಗತಿಯ ಬಾಗಿಲಲ್ಲೇ ಜಾರಿ, ನನ್ನದೇ ಊರುಭಂಗ ಸ್ವಲ್ಪದರಲ್ಲಿ ತಪ್ಪಿತು. ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿಸಿತು: “ಸರ್ ಲಾಳ ಹೊಡಿಸ್ಯಾರಲೇ!”

ಲಾಳವನ್ನಾದರೂ ಸಹಿಸಬಹುದಾಗಿತ್ತು. ಕಬ್ಬಿನ ಹಂಗಾಮಿನ ಒಂದು ಸಂಜೆ ಸರ್ವಿಸ್ ರಸ್ತೆಯಲ್ಲಿ ಮುಂದಿನ ಟ್ರ್ಯಾಕ್ಟರು ಗಕ್ಕನೆ ನಿಂತಿತು. ನಾನೂ ಬ್ರೇಕು ಹಿಡಿದೆ. ಈ ಬೂಟನ್ನು ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಗಾಬರಿಯಲ್ಲಿ ಕಾಲನ್ನು ನೆಟ್ಟಗೆ ಮೇಲಕ್ಕೆಳೆದೆ. ಬರಲಿಲ್ಲ. ಸೈಕಲ್ ಸಮೇತ ಬಿದ್ದೆ. ಹಿಂದೆ ಬರುತ್ತಿದ್ದ ಇನ್ನೊಂದು ಟ್ರ್ಯಾಕ್ಟರು ನನ್ನ ತಲೆಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಇಳಿದುಬಂದ ಹುಡುಗ ನನಗಿಂತ ಹೆಚ್ಚು ನಡುಗುತ್ತಿದ್ದ. “ಸರ್ರ, ಕಾಲ ಯಾಕ ತಗೀಲಿಲ್ರೀ?” ಎಂದ. ನಾನು ಏನು ಹೇಳಲಿ?

ಆ ರಾತ್ರಿ ಬಿದ್ದದ್ದನ್ನೂ ಬೂಟಿನ ನಿಜವಾದ ಬೆಲೆಯನ್ನೂ ಒಟ್ಟಿಗೇ ಹೇಳಿದೆ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, “ಬೂಟ ಮಾರ್ರಿ. ಸೈಕಲ್ ಬಿಡಬ್ಯಾಡ್ರಿ, ಸಕ್ಕರಿ ಇಳದೈತಿ” ಎಂದಳು.

ತಪ್ಪು ಬೂಟಿನದಲ್ಲ, ಅದನ್ನು ಆರಿಸಿದವನದು. ಈ ಕಚ್ಚುವ ಪೆಡಲನ್ನು 1984ರಲ್ಲಿ ತಂದ ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವವರ ಬೂಟನ್ನು ಜಾರುಪಟ್ಟಿಗೆ ಕಚ್ಚಿಸುವ ಹಿಡಿಕೆಗಳನ್ನು ಮಾಡುತ್ತಿದ್ದ ಕಂಪನಿ. ಮರುವರ್ಷ ಬರ್ನಾರ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಇನೋ ಮಹಾಶಯ ಆ ಬೂಟಿನಲ್ಲಿ ಮಹಡಿ ಹತ್ತಿ ಹಾಜರಿ ಕರೆಯಬೇಕಾಗಿರಲಿಲ್ಲ. ಸೈಕಲ್ ಇಳಿದು ನಡೆಯುವವರಿಗೆ ಒಗ್ಗುವುದು ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ತಂದ ಎಸ್.ಪಿ.ಡಿ. ಎಂಬ ಬಗೆ: ಎರಡೇ ತಿರುಪು, ಸಣ್ಣ ಉಕ್ಕಿನ ಕ್ಲೀಟು, ಅದು ರಬ್ಬರ್ ಅಟ್ಟೆಯ ಗುಳಿಯೊಳಗೆ ಅಡಗಿರುತ್ತದೆ.

ಹಳೆಯದನ್ನು ಅರ್ಧ ಬೆಲೆಗೆ ಮಾರಿ, ಈ ಸಲ ಬೂಟನ್ನು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿದ್ದಾಗ, ದಪ್ಪ ಕಾಲುಚೀಲ ಹಾಕಿಕೊಂಡು ನೋಡಿದೆ. ಸಕ್ಕರೆಯವನ ಬೆರಳಿಗೆ ಬೊಕ್ಕೆ ಏಳಬಾರದಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ಅತ್ತಿತ್ತ ನಡೆದೆ. ಅಂಗಡಿಯ ಹುಡುಗನಿಗೆ ಬೇಸರವಾಯಿತು. ಅಟ್ಟೆ ಬೆರಳ ಬುಡದಲ್ಲಿ ತುಸು ಬಾಗಬೇಕು, ಪೂರಾ ಬಾಗಬಾರದು. ಲಾಡಿಯದು, ಕಪ್ಪು ಬಣ್ಣದ್ದು, ಐದು ಸಾವಿರದ ಒಳಗೆ ಸಿಕ್ಕಿತು. ಪೆಡಲು ಮಾತ್ರ ಒಂದು ಮಗ್ಗುಲು ಕಚ್ಚುವ, ಇನ್ನೊಂದು ಮಗ್ಗುಲು ಚಪ್ಪಟೆಯಾಗಿರುವಂಥದು. ದಟ್ಟಣೆಯಲ್ಲಿ ಚಪ್ಪಟೆ ಮಗ್ಗುಲೇ ನನ್ನ ದೇವರು.

ಕ್ಲೀಟು ಪೆಡಲಿನ ಜೊತೆ ಬಂದಿತ್ತು. ಆದರೆ ಬೂಟಿನ ಗುಳಿಗೆ ರಬ್ಬರಿನ ಮುಚ್ಚಳವಿತ್ತು. ಅದನ್ನು ಕೊಯ್ದು ತೆಗೆಯಬೇಕು. ಊರಿನ ಸಮಗಾರರ ಬಳಿಗೆ ಒಯ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿ, “ಹೊಸಾ ಬೂಟಿಗೆ ತೂತ ಹಾಕಂತೀರಲ್ರೀ ಮಾಸ್ತರ್ರ!” ಎಂದರೂ ರಂಪಿಗೆಯಿಂದ ಗೆರೆ ತಪ್ಪದಂತೆ ಕೊಯ್ದರು. ಹೆಬ್ಬೆರಳ ಬುಡದ ಗೆಣ್ಣಿಗಿಂತ ಕೊಂಚ ಹಿಂದಕ್ಕೆ ಕ್ಲೀಟು ಕೂರಿಸಿ, ಪೆಡಲಿನ ಸ್ಪ್ರಿಂಗನ್ನು ಪೂರಾ ಸಡಿಲಿಸಿದೆ. ಒಂದು ವಾರ ಮನೆಯ ಗೋಡೆ ಹಿಡಿದು ಹಿಮ್ಮಡಿ ತಿರುಗಿಸುವುದನ್ನು ಕಲಿತೆ. ನೆರೆಯ ಮಕ್ಕಳಿಗೆ ಬಿಟ್ಟಿ ನಾಟಕ.

ಕಾಲೇಜಿನಲ್ಲಿ ಈಗ ಸದ್ದಿಲ್ಲದೆ ನಡೆಯುತ್ತೇನೆ. ಮೊನ್ನೆ ಹಿಂದಿನ ಬೆಂಚಿನವರ ಬೆನ್ನ ಹಿಂದೆಯೇ ಹೋಗಿ ನಿಂತರೂ ಅವರಿಗೆ ತಿಳಿಯಲಿಲ್ಲ. ಮೂರು ಮೊಬೈಲು ಸಿಕ್ಕವು.